ಬುಟ್ಟಿಯೊಳಗಿನ ಅಂಗೈ

ನೀಲಿ ತುಂಡು ಒಂದು ಬಂತು, ಅದರ ಪಕ್ಕಕ್ಕೆ ಇನ್ನೊಂದು, ಆಮೇಲೆ ಯಾರೋ ಉಸಿರು ಹಿಡಿದ ಹಾಗೆ ಸುಮ್ಮನಾಗಿ ಮತ್ತೆ ಒಂದು — ಕಂಪ್ಯೂಟರಿನ ಗಾಜಿನ ಮೇಲೆ ಮರದ ಪುಡಿ ತೆಳ್ಳಗೆ ಕೂತಿದೆ, ಬೆರಳಿನಿಂದ ಒರೆಸಿದ ಕಡೆ ಮಾತ್ರ ಸರಿಯಾದ ನೀಲಿ, ಉಳಿದ ಕಡೆ ಮಜ್ಜಿಗೆ ಬೆರೆಸಿದ ನೀಲಿ, ಆಚೆ ಶೆಡ್ಡಿನಲ್ಲಿ ಮರ ಕಡೆಯುವ ಲೇತು ತಿರುಗುತ್ತಿದೆ, ಅರಗು ಬಿಸಿಯಾಗಿ ಮರಕ್ಕೆ ಅಂಟುವ ವಾಸನೆ ಕಿಟಕಿಯಿಂದ ಒಳಗೆ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಿದೆ, ಈ ವಾಸನೆ ಅವ್ವನ ಸೀರೆಯಲ್ಲಿದೆ, ತಲೆದಿಂಬಿನಲ್ಲಿದೆ, ನನ್ನ ಬಿಸಿಎ ನೋಟ್ಸಿನ ಹಾಳೆಯಲ್ಲೂ ಇದೆ ಅಂತ ಭಾನುಪ್ರಿಯ ಮೂಗು ಮುಚ್ಚಿಕೊಳ್ಳುತ್ತಾಳೆ, ರಾಮನಗರದ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚು, ಅವಳ ಮನೆ ಗೂಡಿನ ಮಾರ್ಕೆಟ್ಟಿನ ಹಿಂದೆಯೇ, ರೇಷ್ಮೆಗೂಡಿನ ವಾಸನೆಯವಳು ಅರಗಿನ ವಾಸನೆಯವಳಿಗೆ ಹೇಳುವ ಮಾತೇ ಇದು, ಅವಳು ನಮ್ಮ ಮನೆಗೆ ಬರುವ ದಿನ ಇಬ್ಬರೂ ಚನ್ನಪಟ್ಟಣದ ಪ್ಯಾಸೆಂಜರ್ ಟ್ರೈನಿನಲ್ಲಿ ಕೂತರೆ ಉಳಿದವರು ಕಿಟಕಿ ತೆಗೆಯುತ್ತಾರೆ — ಇಗೋ ಇನ್ನೊಂದು ನೀಲಿ, ಅರ್ಧ ದಾಟಿತು, ಅವಳಿಗೆ ಒಂದು ಮೆಸೇಜು, ಅರ್ಧ ಆಯ್ತು ಕಣೆ, ನನ್ನ ಫೋನಿಗೆ ಕನ್ನಡ ಅಕ್ಷರ ಬರುವುದಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಒತ್ತುತ್ತೇನೆ, ನೋಟ್ಸು ಬೇಕಾದರೂ ಅದರಲ್ಲೇ, ಸಾಮಾನಿನ ಪಟ್ಟಿಯಾದರೂ ಅದರಲ್ಲೇ, ಕೈಯಲ್ಲಿ ಪೆನ್ನು ಹಿಡಿದರೆ ಈಗ ಹೆಬ್ಬೆರಳು ಸುಮ್ಮನೆ ಕುಣಿಯುತ್ತದೆ, ಕೆಲಸ ಸಿಗದ ಕೂಲಿಯ ಹಾಗೆ. ಏಳು ವರ್ಷದ ಇ-ಮೇಲ್ ಅಲ್ಲವೇ, ನಿಧಾನವಾಗಿಯೇ ಬರಲಿ, ನನಗೇನು ಆತುರ, ಆತುರ ಇದೆ, ಎಷ್ಟು ಆತುರ ಅಂದರೆ ಕಾಲು ಮೇಜಿನ ಕೆಳಗೆ ತಾನಾಗಿ ಅಲ್ಲಾಡುತ್ತಿದೆ, ಯಾಕೆಂದರೆ ಎಲ್ಲ ಬಂದುಬಿಟ್ಟರೆ ಈ ಪೆಟ್ಟಿಗೆ ನನ್ನದು, ಈ ಪುಡಿ ಕೂತ ಗಾಜು ನನ್ನದು, ಈ ದಪ್ಪ ಬೆನ್ನಿನ ಮಾನಿಟರು, ಅಕ್ಷರ ಅಳಿಸಿಹೋದ ಕೀಬೋರ್ಡು, ಹೊಟ್ಟೆಯೊಳಗೆ ರಾಗಿ ಬೀಸುವ ಹಾಗೆ ಗೊರಗುಟ್ಟುವ ಸಿಪಿಯು, ಎಲ್ಲ ನನ್ನದು, ಶೆಡ್ಡಿನ ಯಜಮಾನರು ಗಫಾರ್ ಸಾಬ್ರು ಅವ್ವನ ಎದುರಿಗೇ ಹೇಳಿದ್ದಾರೆ, ಒಂದ್ ಕಾಗ್ದನೂ ಕಮ್ಮಿ ಆಗ್ದಂಗೆ ಹೊಸದ್ರೊಳಿಕ್ಕೆ ಸಾಗ್ಸು ಬೇಟಿ, ಹಳೇ ಪೆಟ್ಟಿಗೆ ನಿಂದೇ ಕಣ್ ತಗಾ. ಅವರು ಮೇಲಿಗೆ ಕಾಗದ ಅನ್ನುತ್ತಾರೆ. ಹಾಗಂದಾಗ ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ನಗು ಮುಚ್ಚಿಕೊಂಡಳೋ ಏನೋ, ಈ ಶೆಡ್ಡಿನಲ್ಲಿ ಆಟಿಕೆಗೆ ಬಣ್ಣ ಹಿಡಿಸುತ್ತಾ ಅವಳ ಅರ್ಧ ಆಯಸ್ಸು ಕಳೆದಿದೆ, ಇಲ್ಲಿಂದ ಮನೆಗೆ ಒಂದು ಒಡಕು ಬುಗುರಿ ಕೂಡ ಕೇಳಿ ತಂದವಳಲ್ಲ.

ಎಲ್ಲಿಡುವುದು ಅಂತಲೂ ಆಗಲೇ ಯೋಚಿಸಿಟ್ಟಿದ್ದೇನೆ, ರಾಗಿ ಮೂಟೆಯ ಪಕ್ಕದ ಗೂಡು ಬೇಡ, ಇಲಿ, ಟಿವಿ ಮೇಲೆ ಆಗುವುದಿಲ್ಲ, ಅಪ್ಪ ಬಿಡದಿಯ ಫ್ಯಾಕ್ಟರಿ ಕ್ಯಾಂಟೀನಿನಿಂದ ತಂದ ಕಬ್ಬಿಣದ ಮೇಜು ಇದೆಯಲ್ಲ, ಒಂದು ಕಾಲು ಕುಂಟು, ಅದಕ್ಕೆ ರಟ್ಟು ಕೊಟ್ಟರೆ ಸರಿ, ಆಗ ನನ್ನ ಕಾಗದದ ಕೀಬೋರ್ಡನ್ನು ಏನು ಮಾಡಲಿ, ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೇಲಿಟ್ಟು ಬರೆದು ರಟ್ಟಿಗೆ ಅಂಟಿಸಿದ್ದು, ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಮೂರು ಹುಡುಗಿಯರು, ಒಬ್ಬಳು ಒತ್ತಬೇಕು, ಇಬ್ಬರು ನೋಡಬೇಕು, ನೋಡುವವಳೇ ಯಾವಾಗಲೂ ನಾನು, ಅದಕ್ಕೆ ಮನೆಯಲ್ಲಿ ರಟ್ಟಿನ ಮೇಲೆ ಟಪಟಪ, ಅಪ್ಪ ಕೇಳುತ್ತಾನೆ, ಏನವ್ವಾ ಬರೀತಿದ್ದೀ, ಪ್ರೋಗ್ರಾಮು ಅಪ್ಪ, ಎಲ್ಲಿ ಕಾಣ್ತಾ ಇಲ್ವಲ್ಲ, ನಂಗ್ ಕಾಣ್ತೈತೆ ಬಿಡಪ್ಪ. ಆ ರಟ್ಟಿನಲ್ಲಿ ಎಂಟರ್ ಮಾತ್ರ ದೊಡ್ಡದಾಗಿ ಬರೆದುಬಿಟ್ಟಿದ್ದೆ, ಬೆಂಕಿಪೊಟ್ಟಣದಷ್ಟು, ಬರೆದು ಮುಗಿಸಿ ಎಂಟರ್ ಒತ್ತುವಾಗ ಒಂದು ಖುಷಿ, ಠಪ್ ಅಂತ, ಯಾವ ಪ್ರಶ್ನೆ ಕೇಳಿದರೂ ಎಂಟರ್, ಬೆಳಿಗ್ಗೆಯೂ ಹಾಗೇ ಅಲ್ಲವೇ, ಠಪ್. ಬೆಳಿಗ್ಗೆ ಬಂದವಳೇ ಮೊದಲು ಗುಡಿಸಿದೆ, ಕೋಣೆಯನ್ನಲ್ಲ, ಕಂಪ್ಯೂಟರಿನ ಒಳಗನ್ನು, ಹಳೆಯ ಬಾಡಿಗೆ ಮನೆ ಬಿಟ್ಟು ಈಗಿನ ಮನೆಗೆ ಬಂದಾಗ ಅವ್ವ ಮಾಡಿದ್ದು ನೋಡಿದ್ದೆನಲ್ಲ, ಮೊದಲು ಕಸ ಆಚೆ, ಆಮೇಲೆ ಗಾಡಿಗೆ ಸಾಮಾನು, ಕಸವನ್ನೂ ಹೊತ್ತುಕೊಂಡು ಯಾರು ಹೊಸ ಮನೆಗೆ ಹೋಗುತ್ತಾರೆ. ಹಳೆಯ ಮೇಲ್ ಪ್ರೋಗ್ರಾಮಿನ ಎಡಗಡೆ ಸಾಲಾಗಿ ಫೋಲ್ಡರುಗಳು, ಬಂದದ್ದು, ಕಳಿಸಿದ್ದು, ಅರ್ಧ ಬರೆದದ್ದು, ಕೊನೆಗೆ ಕಸದ ಬುಟ್ಟಿಯ ಚಿತ್ರ, ಬುಟ್ಟಿ ನೋಡಿದರೆ ತುಂಬಿ ತುಳುಕುತ್ತಿದೆ, ಸಾಬ್ರು ಏಳು ವರ್ಷದಿಂದ ಒಂದು ಸಲವೂ ಖಾಲಿ ಮಾಡಿಲ್ಲ ಅಂತ ನಗು ಬಂತು, ಖಾಲಿ ಮಾಡು ಅಂದೆ, ನಿಜಕ್ಕೂ ಅಳಿಸಬೇಕೇ ಅಂತ ಕೇಳಿತು, ಠಪ್. ಎಷ್ಟು ಹಗುರವಾಯಿತು, ಪ್ರೋಗ್ರಾಮು ಕೂಡ ಒಸಿ ಚುರುಕಾದ ಹಾಗೆ ಅನ್ನಿಸಿತು, ಆಮೇಲೆ ಇದೇ ಪೆಟ್ಟಿಗೆಯಲ್ಲಿ ಹೊಸ ಪ್ರೋಗ್ರಾಮು ಹಾಕಿ, ಹಳೆಯದರಲ್ಲಿರುವುದನ್ನು ಎಳೆದುಕೋ ಅಂತ ಹೇಳಿ ಕೂತಿದ್ದೇನೆ, ಎಳೆದುಕೊಂಡ ಮೇಲೆ ಪೆನ್‌ಡ್ರೈವಿನಲ್ಲಿ ಹೊಸ ಕಂಪ್ಯೂಟರಿಗೆ, ಅದು ಆಗಲೇ ಆ ಮೂಲೆಯ ಮೇಜಿನ ಮೇಲೆ ಪ್ಲಾಸ್ಟಿಕ್ಕನ್ನೂ ಬಿಚ್ಚದೆ ಮದುಮಗನ ಹಾಗೆ ಕೂತಿದೆ. ಹಳೆಯದರ ದೊಡ್ಡ ಗುಣವೋ ದೊಡ್ಡ ದೋಷವೋ, ಮೇಲನ್ನೆಲ್ಲ ನೆಟ್ಟಿನಿಂದ ಇಳಿಸಿಕೊಂಡು ತನ್ನ ಹೊಟ್ಟೆಯೊಳಗೇ ಇಟ್ಟುಕೊಳ್ಳುತ್ತದೆ, ಆಚೆ ಎಲ್ಲೂ ಪ್ರತಿ ಉಳಿಯುವುದಿಲ್ಲ, ಇಲ್ಲಿ ಇದ್ದರೆ ಇತ್ತು, ಇಲ್ಲಿ ಇಲ್ಲ ಅಂದರೆ ಪ್ರಪಂಚದಲ್ಲೇ ಇಲ್ಲ. ಸಾಬ್ರಿಗೆ ಇದನ್ನು ಕಲಿಸಿದವನು ಅವರ ತಂಗಿಯ ಮಗ, ಬಿಡದಿಯ ಕಾರಿನ ಫ್ಯಾಕ್ಟರಿಗೆ ಸೇರುವ ಮುಂಚೆ ಒಂದೇ ಒಂದು ಮಧ್ಯಾಹ್ನ ಕೂತು ಹೇಳಿಕೊಟ್ಟು ಹೋದನಂತೆ, ಆಮೇಲಿಂದ ಇವರದೇ ಕಾರುಬಾರು, ಕನ್ನಡಕ ಹಣೆಗೇರಿಸಿ, ಒಂದೇ ಬೆರಳಲ್ಲಿ, ಕೋಳಿ ಕಾಳು ಹೆಕ್ಕುವ ಹಾಗೆ.

ನೀಲಿ ತುಂಬಿತು. ಆಯಿತು ಅಂತ ಬರೆಯಿತು. ಸಾಬ್ರೂ ಸರಿಯಾಗಿ ಆಗಲೇ ಬಂದರು, ಎರಡು ಲೋಟ ಟೀ ಹಿಡಿದುಕೊಂಡು, ಒಂದು ನನಗೆ, ಬಿಳಿ ಗಡ್ಡದ ತುದಿಯಲ್ಲಿ ಕೆಂಪು ಅರಗಿನ ಚೂರು, ಹಿಂದೆ ಬದ್ರಮ್ಮ, ಅಂದರೆ ಅವರ ಹೆಂಡತಿ ಬದ್ರುನ್ನೀಸಾ, ಶೆಡ್ಡಿನವರೆಲ್ಲ ಬದ್ರಮ್ಮ ಅಂತಲೇ ಕರೆಯುವುದು, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಸಾಬ್ರು ಖುಷಿಯಲ್ಲಿದ್ದರು, ಜರ್ಮನಿಯ ಮೇಡಂ ಫೋನು ಮಾಡಿದ್ದರಂತೆ, ಎಷ್ಟೋ ವರ್ಷದ ಕೆಳಗೆ ಕೊಂಡಿದ್ದ ಗಿಲಕಿಯೇ ಮತ್ತೆ ಬೇಕಂತೆ, ಅದೇ ಬಣ್ಣ, ಅದೇ ಅಳತೆ, ಒಂದಿಷ್ಟೂ ಆಚೀಚೆ ಆಗಬಾರದಂತೆ, ಈ ವರ್ಷವೆಲ್ಲ ಲೇತು ನಿಲ್ಲಿಸುವ ಹಾಗಿಲ್ಲ ಅಂತ ಅವ್ವನಿಗೂ ಕೂಗಿ ಹೇಳಿ ಬಂದರಂತೆ, ಕಳೆದ ವರ್ಷ ಇಬ್ಬರು ಲೇತು ಬಿಟ್ಟು ಬಿಡದಿಗೆ ಹೋದರಲ್ಲ, ಆಮೇಲೆ ಅವರ ಮುಖದಲ್ಲಿ ಇಂಥ ಖುಷಿ ನೋಡಿರಲಿಲ್ಲ. ಟೀ ಊದಿಕೊಂಡು ಹೇಳಿದರು, ಬುಟ್ಟಿ ತೆಗಿ ಬೇಟಿ, ಆ ಗಿಲಕಿ ಕಾಗ್ದ ಒಸಿ ನೋಡಾನ. ಯಾವ ಬುಟ್ಟಿ ಸಾಬ್ರೆ ಅಂದೆ, ಅವರ ಬೆರಳು ಗಾಜಿನ ಹತ್ತಿರ ಬಂತು, ಉಗುರಿನ ಸಂದಿಯಲ್ಲಿ ಹಳದಿ, ಸಾಲಿನ ಕೊನೆಯ ಚಿತ್ರದ ಮೇಲೆ ನಿಂತಿತು, ಅದೇ ಕಣಮ್ಮ, ಕಸದ್ ಬುಟ್ಟಿ, ನಮ್ ಒಳ್ಳೆ ಮಾಲೆಲ್ಲಾ ಅದ್ರಲ್ಲೇ ಅಲ್ವಾ ಇರೋದು. ಒಳ್ಳೆಯ ಮಾಲು ಕಸದ ಬುಟ್ಟಿಯಲ್ಲಿ, ಹೌದು, ಹೌದಲ್ಲ, ನನಗೆ ಗೊತ್ತಿಲ್ಲವೇ, ನಾನು ನಡೆಯಲು ಕಲಿತದ್ದೇ ಆ ಶೆಡ್ಡಿನಲ್ಲಿ, ಲೇತಿನ ಕೆಳಗೆ ಒಂದು ಬಿದಿರ ಬುಟ್ಟಿ, ಸೀಳಿದ ಬುಗುರಿ, ಚಕ್ರ ಮುರಿದ ಕುದುರೆ, ಬಣ್ಣ ಹಿಡಿಯದ ಬಳೆ, ಅದರೊಳಗೆ ಎಲ್ಲೋ ತಳದಲ್ಲಿ ಗಿರಾಕಿಗೆ ಒಪ್ಪಿಗೆಯಾದ ಒಂದು ಚಂದದ ಪೀಸು, ಶೆಲ್ಫಿನ ಮೇಲಿಟ್ಟರೆ ಬಂದವರು ಎತ್ತಿ ನೋಡುತ್ತಾರೆ, ಚೆನ್ನಾಗಿದೆ ಅಂತಾರೆ, ಜೇಬಿಗೆ ಹಾಕಿಕೊಂಡು ಹೋಗುತ್ತಾರೆ, ನೆಂಟರ ಮಕ್ಕಳು ಅತ್ತು ಇಸಿದುಕೊಳ್ಳುತ್ತವೆ, ಒಡಕಿನ ಬುಟ್ಟಿಗೆ ಯಾರು ಕೈ ಹಾಕುತ್ತಾರೆ, ಅದಕ್ಕೇ ಮಾದರಿಯ ಪೀಸು ಅಲ್ಲೇ, ಗುಡಿಸುವವರು ಕೂಡ ಬುಟ್ಟಿಯನ್ನು ಬಿಟ್ಟು ಸುತ್ತ ಗುಡಿಸಬೇಕು, ಅವ್ವ ನನಗೆ ಮಾತು ಬರುವ ಮುಂಚೆಯೇ ಹೇಳಿಕೊಟ್ಟಿದ್ದಾಳೆ, ಆ ಬುಟ್ಟಿ ಮುಟ್ಬ್ಯಾಡ. ತಂಗಿಯ ಮಗ ಒಂದು ಮಧ್ಯಾಹ್ನ ಕಲಿಸಿ ಹೋದ ಮೇಲೆ ಸಾಬ್ರು ಪರದೆಯ ಮೇಲೆ ಬುಟ್ಟಿಯ ಚಿತ್ರ ನೋಡಿದ್ದಾರೆ, ಓಹೋ ಇಲ್ಲೂ ಇಟ್ಟಿದ್ದಾರೆ ಅಂದುಕೊಂಡಿದ್ದಾರೆ, ಒಪ್ಪಿಗೆಯಾದ ಒಂದೊಂದು ಕಾಗದವನ್ನೂ ಆ ಒಂದು ಬೆರಳಲ್ಲಿ ಹುಷಾರಾಗಿ ಎಳೆದೆಳೆದು ಅದರಲ್ಲಿ ಹಾಕಿದ್ದಾರೆ, ಏಳು ವರ್ಷ. ನಾನು ಕಂಪ್ಯೂಟರ್ ಕಲಿತವಳು, ಠಪ್.

ಅವರು ಕಾಯುತ್ತಿದ್ದಾರೆ, ಟೀ ಕುಡಿಯುತ್ತಾ, ಏನೂ ಗೊತ್ತಿಲ್ಲದ ಮುಖ, ಈ ಮುಖಕ್ಕೆ ನಾನು ಏನು ಬೇಕಾದರೂ ಹೇಳಬಹುದು, ಹಳೆಯ ಮೆಷಿನ್ನು ಸಾಬ್ರೆ, ಬುಟ್ಟಿಯನ್ನು ಅದೇ ತಿಂದುಹಾಕಿದೆ, ವೈರಸ್ಸು ಸಾಬ್ರೆ — ವೈರಸ್ಸು ಅಂದರೆ ಸಾಕು, ಇಡೀ ಚನ್ನಪಟ್ಟಣ ನಂಬುತ್ತದೆ, ಪಾಪ ಹುಡ್ಗಿ ಏನ್ ಮಾಡ್ತಾಳೆ ಅಂತಾರೆ, ಸಂಜೆ ಅಪ್ಪ ಬಂದು ಸೈಕಲ್ಲಿನ ಹಿಂದೆ ಮಾನಿಟರು ಕಟ್ಟುತ್ತಾನೆ, ನಾನು ಹಿಂದಿನಿಂದ ಹಿಡಿದುಕೊಂಡು ನಡೆಯುತ್ತೇನೆ, ರಟ್ಟಿನ ಮೇಲೆ ಟಪಟಪ ಇನ್ನಿಲ್ಲ, ನಿಜವಾದ ಅಕ್ಷರ, ಒತ್ತಿದರೆ ಮೂಡುವ ಅಕ್ಷರ — ಬಾಗಿಲಲ್ಲಿ ಅವ್ವ ಬಂದು ನಿಂತಿದ್ದಾಳೆ, ಶೆಡ್ಡಿನವರಿಗೆ ಕಾವೇರಮ್ಮ, ಕೇದಿಗೆ ಎಲೆ ಹಿಡಿದ ಕೈ ಹಾಗೇ ಇದೆ, ಬಣ್ಣದ ಮೇಲೆ ಹೊಳಪು ತಿಕ್ಕುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಾಳೆ, ವರ್ಷವೆಲ್ಲ ಕೆಲಸ ಅನ್ನುವ ಸುದ್ದಿಯನ್ನು ಇನ್ನೊಂದು ಸಲ ಕೇಳಿಸಿಕೊಳ್ಳಲು ಬಂದಿರಬೇಕು, ನನ್ನ ಮುಖ ನೋಡಿದಳು, ಅವಳು ನನ್ನ ಮುಖ ನೋಡಿದರೆ ಸುಳ್ಳು ಬಾಯಿಯವರೆಗೆ ಬಂದು ಹಿಂದಕ್ಕೆ ಹೋಗಿ ಕೂತುಬಿಡುತ್ತದೆ, ಚಿಕ್ಕಂದಿನಿಂದ ಹೀಗೇ. ಸಾಬ್ರೆ, ಬುಟ್ಟಿ ನಾನೇ ಖಾಲಿ ಮಾಡ್ಬುಟ್ಟೆ, ಬೆಳಿಗ್ಗೆ, ಕಸ ಅನ್ಕಂಡು. ಸಾಬ್ರು ಲೋಟವನ್ನು ಕೆಳಗಿಟ್ಟರು, ಮತ್ತೆ ಎತ್ತಿದರು, ಕುಡಿಯಲಿಲ್ಲ, ಹೋದ್ರೆ ಹೋಯ್ತು ಬಿಡು ಅಂದರು, ಆ ಬಿಡು ಎಲ್ಲೋ ದೂರದಿಂದ ಬಂದ ಹಾಗಿತ್ತು, ಒಪ್ಪಿಗೆಯಾದ ಗಿಲಕಿ ಒಂದೇ ಒಂದು, ಬಿದಿರ ಬುಟ್ಟಿಯಲ್ಲೂ ಇಲ್ಲ, ಅದು ಜರ್ಮನಿಯಲ್ಲಿದೆ, ಇಲ್ಲಿ ಉಳಿದಿದ್ದದ್ದು ಅದರ ಫೋಟೋ ಮಾತ್ರ, ಫೋಟೋ ಇಲ್ಲದೆ ಬಣ್ಣ ಹೇಗೆ ಹೇಳುವುದು, ಅಳತೆ ಹೇಗೆ ಹೇಳುವುದು, ಕಳೆದುಕೊಂಡಿದ್ದೇವೆ ಅಂತ ಮೇಡಂಗೆ ಯಾವ ಬಾಯಲ್ಲಿ ಹೇಳುವುದು. ಬದ್ರಮ್ಮ ಬಿಸ್ಕತ್ತು ಒಡೆಯುತ್ತಾ ಗಂಡನ ಕಡೆಗೆ ತಿರುಗಿದರು, ಮೊಗೀನ್ ಯಾಕ್ ನೋಡ್ತೀರಿ, ಕಸದ್ ಬುಟ್ಟೀಲಿ ಒಡವೆ ಮಡ್ಗಿ ಕಸ ಚೆಲ್ದೋಳ್ ಮ್ಯಾಲೆ ಸಿಟ್ಟಾಯ್ತಾರಾ ಯಾರಾದ್ರೂ, ನಾನ್ ಅವತ್ತೇ ಹೇಳ್ಲಿಲ್ವಾ, ಮರದ್ ಬುಟ್ಟಿ ಬ್ಯಾರೆ, ಕರೆಂಟಿನ್ ಬುಟ್ಟಿ ಬ್ಯಾರೆ ಅಂತ. ಹೇಳಿರಲಿಕ್ಕಿಲ್ಲ, ಆದರೂ ಅವರು ಹಾಗೆ ಅಂದದ್ದಕ್ಕೆ ನನಗೆ ಉಸಿರು ಬಂತು, ಫೋನು ತೆಗೆದೆ, ಭಾನು ಮೇಲ್ ಬುಟ್ಟಿ ಖಾಲಿ ಮಾಡ್ಬುಟ್ಟೆ ಕಣೆ ಏನಾರಾ ಮಾಡೆ, ಒಂದೇ ಉಸಿರಿಗೆ ಒತ್ತಿದೆ, ಭಾನುವಿನ ಅಣ್ಣನದು ರಾಮನಗರದ ಸ್ಟೇಷನ್ನಿನ ಹತ್ತಿರ ಇಂಟರ್‌ನೆಟ್ ಅಂಗಡಿ, ಊರಿನವರು ಹಾಳು ಮಾಡಿದ್ದನ್ನೆಲ್ಲ ಸರಿ ಮಾಡುವುದೇ ಅವನ ಕೆಲಸ.

ಕಾದದ್ದು ಎಷ್ಟು ಹೊತ್ತೋ, ಟೀಯ ಮೇಲೆ ಕೆನೆ ಕಟ್ಟಿತ್ತು, ಫೋನು ಮೇಜಿನ ಮೇಲೆ ನಡುಗಿತು, ಭಾನು ಬರೆದಿದ್ದಾಳೆ, ಅಣ್ಣ ಹೇಳ್ತಾನೆ ಬುಟ್ಟಿ ಮಗುಚಿದ್ದೀ ಅಷ್ಟೇಯ ಇನ್ನೂ ಗುಡಿಸಿಲ್ಲ, ಆ ಪ್ರೋಗ್ರಾಮು ಅಳಿಸು ಅಂದರೆ ಇ-ಮೇಲಿನ ಹೆಸರನ್ನು ಮಾತ್ರ ಪಟ್ಟಿಯಿಂದ ತೆಗೆಯುತ್ತದಂತೆ, ಒಳಗಿನದು ಅದರ ಫೈಲಿನಲ್ಲಿ ಹಾಗೇ ಬಿದ್ದಿರುತ್ತದಂತೆ, ಜಾಗ ಉಳಿಸಲು ಫೈಲನ್ನು ಕುಗ್ಗಿಸುವವರೆಗೆ, ಕುಗ್ಗಿಸಿದರೆ ಮಾತ್ರ ದೇವರು ಬಂದರೂ ಆಗುವುದಿಲ್ಲವಂತೆ, ಇನ್ನೊಂದು ಮೆಸೇಜು, ಪ್ರೋಗ್ರಾಮ್ ಮುಚ್ಚುವಾಗ ಕುಗ್ಗಿಸ್ಲಾ ಅಂತ ಕೇಳಿದ್ರೂ ಕೇಳ್ತದೆ ಬ್ಯಾಡ ಅನ್ನು, ಮುಚ್ಚದೆ ಫೈಲು ಕಾಪಿ ಆಗಲ್ಲ, ಇನ್ನೊಂದು, ನವ್ಯಾ ಎಂಟರ್ ಒತ್ಬ್ಯಾಡ ಕಣೆ. ನನ್ನನ್ನು ಎಷ್ಟು ಚೆನ್ನಾಗಿ ತಿಳಿದಿದ್ದಾಳೆ. ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತೆ, ಎಡಗೈಯಲ್ಲಿ ಮೌಸು, ಬಾಣದ ಗುರುತು ಕುಡಿದವನ ಹಾಗೆ ಆ ಕಡೆ ಈ ಕಡೆ, ಮೂಲೆಯ ಗುಣಾಕಾರದ ಗುರುತಿನ ಮೇಲೆ ನಿಲ್ಲಿಸಿ ಒತ್ತಿದೆ, ಕೇಳಿತು, ಕೇಳಿಯೇ ಕೇಳಿತು, ನಿಮ್ಮ ಮೇಲುಗಳು ಜಾಸ್ತಿ ಜಾಗ ತಿನ್ನುತ್ತಿವೆ ಕುಗ್ಗಿಸಲೇ, ಎಷ್ಟು ಮರ್ಯಾದೆಯಾಗಿ ಕೇಳುತ್ತದೆ, ಹೂಂ ಅನ್ನುವ ಬಟನ್ನಿನ ಸುತ್ತ ಚುಕ್ಕಿಯ ಗೆರೆ, ಎಂಟರ್ ಒತ್ತಿದರೆ ಅದೇ ಒತ್ತಿಕೊಳ್ಳುತ್ತದೆ, ತೊಡೆಯ ಕೆಳಗೆ ಬಲಗೈಯ ಬೆರಳು ಮಿಸುಕಿತು, ನಿಜವಾಗಿ, ಏಳು ಮಂದಿಯ ಮುಂದೆ ನಾಚಿಕೆಯಿಲ್ಲದೆ ಮಿಸುಕಿತು, ಏಳು ಅಲ್ಲ, ಮೂವರೇ, ಆದರೆ ಮೂವರೂ ಅಷ್ಟು ಹತ್ತಿರ ಬಗ್ಗಿದ್ದರು, ಸಾಬ್ರ ಗಡ್ಡ ನನ್ನ ಕಿವಿಗೆ ತಾಗುತ್ತಿತ್ತು, ಏನ್ ಕೇಳ್ತೈತೆ ಬೇಟಿ, ಕುಗ್ಸ್ಲಾ ಅಂತೈತೆ ಸಾಬ್ರೆ, ಕುಗ್ಗದ್ ಬ್ಯಾಡ ಅನ್ನು, ಅಂತಿದ್ದೀನಿ ಸಾಬ್ರೆ. ಬಾಣ ಹೋಗಿ ಬೇಡದ ಮೇಲೆ ಕೂತಿತು. ಒತ್ತಿದೆ. ಕಿಟಕಿ ಮುಚ್ಚಿಕೊಂಡಿತು, ಏನೂ ಕುಗ್ಗಲಿಲ್ಲ, ಬದ್ರಮ್ಮ ಮಾಷಾ ಅಲ್ಲಾ ಅಂದರು, ಅವ್ವ ನಮ್ಮ ಮುನೇಶ್ವರನಿಗೆ ಏನೋ ಗೊಣಗಿಕೊಂಡಳು, ನಾನು ಬಲಗೈ ಬಿಡಿಸಿಕೊಂಡೆ, ಜೋಮು ಹಿಡಿದಿತ್ತು. ಆಮೇಲೆ ಎಲ್ಲ ಸಲೀಸು, ಫೈಲು ಪೆನ್‌ಡ್ರೈವಿಗೆ, ಪೆನ್‌ಡ್ರೈವು ಹೊಸ ಕಂಪ್ಯೂಟರಿಗೆ, ಮದುಮಗನ ಪ್ಲಾಸ್ಟಿಕ್ಕನ್ನು ಬದ್ರಮ್ಮನೇ ಹಲ್ಲಿನಲ್ಲಿ ಕಚ್ಚಿ ಹರಿದರು, ಭಾನುವಿನ ಅಣ್ಣ ಹೇಳಿದ ಚಿಕ್ಕದೊಂದು ಪ್ರೋಗ್ರಾಮನ್ನು ನೆಟ್ಟಿನಿಂದ ಇಳಿಸಿಕೊಂಡೆ, ಕಳೆದದ್ದನ್ನು ಫೈಲಿನೊಳಗಿಂದ ಹೆಕ್ಕುವುದೇ ಅದರ ಕೆಲಸ, ಹೆಕ್ಕು ಅಂದೆ, ಹೆಕ್ಕತೊಡಗಿತು.

ಮೊದಲನೆಯ ಮೇಲ್ ತೆರೆದರೆ ಅಕ್ಷರವೆಲ್ಲ ಮುಳ್ಳಿನ ಬೇಲಿ, ಮಧ್ಯೆ ಮಧ್ಯೆ ಪ್ರಶ್ನೆಯ ಗುರುತು, ಕೆಳಗೆ ಇಳಿಸಿದರೆ ಚಿತ್ರ, ಮೇಲಿನಿಂದ ಒಂದೊಂದೇ ಗೆರೆ ಮೂಡಿಕೊಂಡು, ಬೆರಳ ತುದಿ, ಉಂಗುರ, ಬೆರಳ ನಡುವೆ ಹಸಿರು ಬುಗುರಿ, ಅಂಗೈ, ಬಳೆ. ಅಯ್ಯೋ ನನ್ ಕೈಯಿ ಅಂದರು ಬದ್ರಮ್ಮ. ಸಾಬ್ರು ನಗುವುದಕ್ಕೆ ಶುರು ಮಾಡಿದರು, ಅಳತೆ ಕಣಮ್ಮ ಅದು, ಮೊದಲನೆಯ ಸಲ ಮೇಡಂ ಆಟಿಕೆಯ ಸೈಜು ಕೇಳಿ ಬರೆದಾಗ ಇಂಗ್ಲಿಷಿನಲ್ಲಿ ಅಳತೆ ಬರೆಯುವ ಗೋಜು ಯಾಕೆ ಅಂತ ಹೆಂಡತಿಯ ಅಂಗೈ ಮೇಲಿಟ್ಟು ಫೋಟೋ ತೆಗೆದು ಕಳಿಸಿದ್ದಂತೆ, ಮೇಡಂಗೆ ಅದು ಎಷ್ಟು ಹಿಡಿಸಿತು ಅಂದರೆ ಆಮೇಲೆ ಪ್ರತಿ ಸಲವೂ ಕೈಯ ಫೋಟೋ ಕಳಿಸಿ ಅಂತಲೇ ಬರೆದರಂತೆ, ಲೇತಿನವರೂ ಅದೇ ಫೋಟೋ ನೋಡಿ ಬೆರಳಿಗೆ ಬೆರಳು ಹೋಲಿಸಿ ಮರ ಕಡೆಯುವುದು, ನನ್ ಕೈ ಜರ್ಮನಿ ನೋಡ್ಕಂಡ್ ಬಂದೈತೆ, ನಾನ್ ಇನ್ನೂ ಮದ್ದೂರ್ ದಾಟಿಲ್ಲ ಅಂದರು ಬದ್ರಮ್ಮ, ಅಂದು ಪರದೆಯ ಮೇಲಿನ ಕೈ ನೋಡಿ ತಮ್ಮ ಕೈ ತಿರುಗಿಸಿ ನೋಡಿಕೊಂಡರು. ಇನ್ನೊಂದು ಕೈ ಬಂತು, ಮೆಹೆಂದಿಯ ಕೈ, ಹಬ್ಬದ ಮಾರನೆಯ ದಿನವಂತೆ, ಮೇಲೆ ಹಳದಿ ಬಾತುಕೋಳಿ, ಇನ್ನೊಂದು, ಬೆರಳಿಗೆ ಬಟ್ಟೆ ಸುತ್ತಿದ ಕೈ, ಉಳಿ ತಾಗಿದ್ದು, ಇನ್ನೊಂದು ಗಾಜಿನ ಬಳೆ, ಇನ್ನೊಂದು ಚಿನ್ನದ್ದು, ಅದು ಮಗಳ ಮದುವೆಯ ವರ್ಷ, ಏಳು ವರ್ಷ ಆ ಕೈ ಸಾಲಾಗಿ ಬಂದು ನಮ್ಮ ಮುಂದೆ ಬಿಚ್ಚಿಕೊಳ್ಳುತ್ತಿದೆ, ಆಟಿಕೆ ಬೇರೆ ಬೇರೆ, ಅಂಗೈ ಅದೇ, ಒಂದೂ ತಪ್ಪಿಸಿಕೊಂಡಿಲ್ಲ, ಮುಳ್ಳು ಮುಳ್ಳು ಅಕ್ಷರದ ಕೆಳಗೆ ಎಲ್ಲ ಇವೆ, ಲೇತಿನವರೂ ಬಂದು ಬಾಗಿಲಲ್ಲಿ ನಿಂತರು, ಸಾಬ್ರು ಒಂದೊಂದಕ್ಕೂ ಹೆಸರು ಹೇಳುತ್ತಿದ್ದಾರೆ, ಇದು ಮೈಸೂರಿನವರಿಗೆ, ಇದು ಆ ಸ್ಕೂಲಿನವರಿಗೆ, ನನಗೆ ಮೈಯೆಲ್ಲ ಬೆಚ್ಚಗೆ, ಕಂಪ್ಯೂಟರಿನ ನೆನಪೂ ಇಲ್ಲ — ಇದೆ, ಒಸಿ ಇದೆ. ಗಿಲಕಿ ಮಾತ್ರ ಇನ್ನೂ ಬಂದಿಲ್ಲ. ಬಂತು, ಕೊನೆಯದು, ತುಂಬ ಹಳೆಯದು, ಮೇಲಿನಿಂದ ಗೆರೆ ಗೆರೆ, ಬೆರಳ ತುದಿ, ಇದು ಬದ್ರಮ್ಮನದಲ್ಲ, ಚಿಕ್ಕ ಬೆರಳು, ಉಗುರು ಕಚ್ಚಿದ್ದು, ಕೆಂಪು ಗಿಲಕಿ, ಹಳದಿ ಪಟ್ಟೆ, ಮಗುವಿನ ಆಟಿಕೆಗೆ ಮಗುವಿನ ಕೈಯೇ ಬೇಕು ಅಂತ ಮೇಡಂ ಕೇಳಿದ್ದರಂತೆ, ಯಾವ ಮಗು ಅಂತ ಸಾಬ್ರಿಗೆ ನೆನಪಿಲ್ಲ, ಅವ್ವ ನನ್ನ ಭುಜದ ಮೇಲಿಂದ ಬಗ್ಗಿದಳು, ಹೆಬ್ಬೆರಳಿನ ಬುಡದಲ್ಲಿ ಒಂದು ಬಿಳಿ ಕಲೆ, ಅವರೆಕಾಳಿನಷ್ಟು, ಅರಗಿನ ಹನಿ ಬಿದ್ದು ಸುಟ್ಟದ್ದು, ಅವ್ವ ನನ್ನ ಬಲಗೈ ಹಿಡಿದು ತಿರುಗಿಸಿ ಪರದೆಯ ಪಕ್ಕಕ್ಕೆ ಇಟ್ಟಳು, ಅದೇ ಕಲೆ, ಈಗ ಒಸಿ ಹಿಗ್ಗಿದೆ. ನಿಂದೇ ಕಣೆ. ನನ್ನದೇ, ಆಗ ಆರನೇ ಕ್ಲಾಸೋ ಏಳನೆಯದೋ, ಸ್ಕೂಲು ಬಿಟ್ಟು ಸೀದಾ ಇಲ್ಲಿಗೆ, ಅಲ್ಲಾಡಬ್ಯಾಡ ಅಂತ ಯಾರೋ ಕೈ ಹಿಡಿದರು, ಫಳಕ್ ಅಂತ ಬೆಳಕು, ಆ ವರ್ಷವೆಲ್ಲ ನನಗೆ ವಾಚಿನ ಹುಚ್ಚು, ಕೊಡಿಸುವವರು ಯಾರು, ದಿನಾ ಬೆಳಿಗ್ಗೆ ಮಣಿಕಟ್ಟಿನ ಮೇಲೆ ಪೆನ್ನಿನಲ್ಲಿ ವಾಚು ಬರೆದುಕೊಳ್ಳುತ್ತಿದ್ದೆ, ಅಂಗೈ ಕಡೆಗೇ ಮುಳ್ಳು ಬರುವ ಹಾಗೆ, ಟೀಚರಮ್ಮ ಹಾಗೆ ಕಟ್ಟುತ್ತಿದ್ದರು, ಆ ವಾಚು ಜರ್ಮನಿಗೆ ಹೋಗಿತ್ತು ಅನ್ನಿ, ಯಾರೋ ಒಬ್ಬರು ಮೇಡಂ ನೋಡಿದ್ದರು, ಗಂಟೆ ಎಷ್ಟು ಅಂತ ಓದಿದ್ದರೋ ಏನೋ, ಇಳಿಯುತ್ತಿದೆ, ಅಂಗೈಯ ಗೆರೆಗಳು, ಅಂಗೈಯ ತಳ, ಇನ್ನೇನು ಮಣಿಕಟ್ಟು — ನಿಂತಿತು. ಅಲ್ಲಿಂದ ಕೆಳಗೆ ಬೂದು. ಕಾದೆವು. ಮತ್ತೆ ತೆರೆದೆ, ಅಲ್ಲಿಗೇ, ಇನ್ನೊಂದು ಸಲ, ಅಲ್ಲಿಗೇ, ಅದರ ಮುಂದಿನ ಚೂರು ಫೈಲಿನಲ್ಲಿ ಉಳಿದಿಲ್ಲ. ಪೂರ್ತಿ ಬರ್ಲಿಲ್ಲ ಸಾಬ್ರೆ ಅಂದೆ, ಒಂದೂ ಕಮ್ಮಿ ಆಗದ ಹಾಗೆ ಅಂದಿದ್ದರಲ್ಲ, ಅರ್ಧ ಫೋಟೋ ಅಂದರೆ ಕಮ್ಮಿಯೇ ಅಲ್ಲವೇ, ಸಾಬ್ರು ಕನ್ನಡಕವನ್ನು ಹಣೆಯಿಂದ ಇಳಿಸಿ ಪರದೆಗೆ ಮೂಗು ತಾಗುವ ಹಾಗೆ ನೋಡಿದರು, ಗಿಲಕಿ ಬಂತು, ಬಣ್ಣ ಬಂತು, ಅಂಗೈ ಬಂತು, ಮಣಿಕಟ್ಟೇನ್ ನಾವ್ ಮಾರಾದಿಲ್ಲ ಬೇಟಿ, ಪೆಟ್ಟಿಗೆ ನಿಂದೇ, ಸಂಜೆ ನಿಮ್ಮಪ್ಪುಂಗ್ ಹೇಳು ಸೈಕಲ್ ತರಾಕೆ. ಬಾಗಿಲಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಬದ್ರಮ್ಮ ಬಿಸ್ಕತ್ತು ಬಾಯಿಗೆ ತುರುಕಿದರು, ಅವ್ವನ ಕೈ ಇನ್ನೂ ನನ್ನ ಕೈ ಹಿಡಿದೇ ಇದೆ, ಸಿಕ್ಕಿತು, ನನ್ನದಾಯಿತು, ಭಾನುಗೆ ಮೆಸೇಜು ಮಾಡಬೇಕು, ಹೆಬ್ಬೆರಳು ಫೋನಿನ ಮೇಲಿದೆ, ಒತ್ತುತ್ತಿಲ್ಲ, ಎಲ್ಲರೂ ಮಾತಾಡುತ್ತಿದ್ದಾರೆ, ನಾನು ನೋಡುತ್ತಿದ್ದೇನೆ, ಇನ್ನೊಂದೇ ಒಂದು ಗೆರೆ ಇಳಿದಿದ್ದರೆ ವಾಚಿನ ಮುಳ್ಳಿನ ತುದಿಯಾದರೂ ಕಾಣುತ್ತಿತ್ತು, ನೀಲಿ ಇಂಕಿನ ಒಂದು ಚುಕ್ಕಿ, ಪುಟ್ಟ ಅಂಗೈ, ಕೆಂಪು ಗಿಲಕಿ, ಬಿಳಿ ಕಲೆ, ಅದರ ಕೆಳಗೆ ಅಡ್ಡಕ್ಕೆ ಕೊಯ್ದ ಹಾಗೆ ಒಂದು ಗೆರೆ, ಗೆರೆಯ ಕೆಳಗೆ ಬೂದು — ಅಂಗೈ, ಗೆರೆ, ಬೂದು —